ಸೆಕೆಂಡ್ ಹಾಫ್‌ಗೆ ಕಾದವನು

ಆ ಸ್ಟುಡಿಯೋದಲ್ಲಿ ‘ಫಾದರ್’ ಎಂದು ಕೂಗಿದರೆ ತಿರುಗಿ ನೋಡುವ ಮನುಷ್ಯನಿಗೆ ದೇವರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ‘ನಾಸ್ತಿಕಣ್ಣ’ ಎಂದು ಕೂಗಿದರೆ ತಿರುಗುವವನು ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚರ್ಚಿಗೆ ಹೋಗುವವನು. ಅಲ್ಲಿ ಹಾಡುವವರನ್ನು ಸಾಲಾಗಿ ನಿಲ್ಲಿಸಿ, ಯಾರದಾದರೂ ಒಂದು ಸ್ವರ ಜಾರಿದರೆ ಹುಬ್ಬು ಗಂಟಿಕ್ಕುವವನು. ಇದರಲ್ಲಿ ಗುಟ್ಟೇನೂ ಇಲ್ಲ. ಇಬ್ಬರೂ ಸಿನಿಮಾಗಳಿಗೆ ಡಬ್ಬಿಂಗ್ ಮಾಡಿ, ಅಂದರೆ ತೆರೆಯ ಮೇಲಿನ ತುಟಿಗಳಿಗೆ ತಮ್ಮ ದನಿ ಕೊಟ್ಟು, ಹೊಟ್ಟೆ ಹೊರೆಯುವವರು. ಒಬ್ಬ ಪಾದ್ರಿಗಳ ಪಾತ್ರಕ್ಕೆ, ಇನ್ನೊಬ್ಬ ನಾಸ್ತಿಕರ ಪಾತ್ರಕ್ಕೆ. ಅಡ್ಡಹೆಸರುಗಳು ಕೆಲಸದಿಂದ ಬಂದವು, ಆಮೇಲೆ ಮನೆಯವರೂ ಹಾಗೇ ಕರೆಯಲು ಶುರುಮಾಡಿದರು.

ಇಪ್ಪತ್ತೆರಡು ವರ್ಷದ ಹಿಂದೆ ಇಬ್ಬರೂ ಹೊಸಬರಾಗಿದ್ದಾಗ ಯಾವನೋ ಒಬ್ಬ ನಿರ್ದೇಶಕ ಇಬ್ಬರ ಗಂಟಲನ್ನೂ ಹತ್ತು ನಿಮಿಷ ಕೇಳಿ ತೀರ್ಪು ಕೊಟ್ಟುಬಿಟ್ಟಿದ್ದ. ಒಬ್ಬನದು ಮೆತ್ತಗಿನ ದನಿ, ಮಾತಿನ ಕೊನೆಯಲ್ಲಿ ಒಂದಿಷ್ಟು ಗಾಳಿ. ಇವನು ಪಾದ್ರಿಯಾಗಲಿ. ಇನ್ನೊಬ್ಬನದು ಗಡಸು, ಮೂಗಿನಲ್ಲಿ ಏನೋ ತಿರಸ್ಕಾರ. ಇವನು ದೇವರಿಲ್ಲ ಅನ್ನುವವನಾಗಲಿ. ಆ ದಿನ ಮೂಗಿನಲ್ಲಿದ್ದದ್ದು ತಿರಸ್ಕಾರವಲ್ಲ, ನೆಗಡಿ. ಆದರೆ ಹಣೆಪಟ್ಟಿ ಒಮ್ಮೆ ಅಂಟಿದ ಮೇಲೆ ಕೀಳುವವರು ಯಾರು?

ಸಿನಿಮಾದವರ ಲೆಕ್ಕದಲ್ಲಿ ಕ್ರೈಸ್ತರು ಎರಡೇ ಬಗೆ. ಒಂದೋ ಬಿಳಿ ನಿಲುವಂಗಿ ತೊಟ್ಟು ಕಂಡಕಂಡವರನ್ನೆಲ್ಲ ‘ನನ್ನ ಮಗುವೇ’ ಅನ್ನುವ ಪಾದ್ರಿ. ಇಲ್ಲವೇ ಎದೆಯ ಮೇಲೆ ಅಂಗೈಯಗಲದ ಶಿಲುಬೆ, ಕೈಯಲ್ಲಿ ಬಾಟಲಿ ಹಿಡಿದು ತೂರಾಡುವ ಮುದುಕ. ಅವನಿಗೊಬ್ಬಳು ಗಿಡ್ಡ ಫ್ರಾಕಿನ ಮಗಳು. ನಾಸ್ತಿಕನಂತೂ ಒಂದೇ ಬಗೆ. ಕನ್ನಡಕ, ಕುರುಚಲು ಗಡ್ಡ, ಗೋಡೆ ತುಂಬ ಪುಸ್ತಕ. ಹೆಂಡತಿ ಸತ್ತಿರಬೇಕು, ಮಗುವಿಗೆ ದೊಡ್ಡ ಕಾಯಿಲೆ ಬರಬೇಕು. ಇಂಟರ್ವಲ್‌ವರೆಗೆ ಅವನು ದೇವರ ಹೆಸರು ಕೇಳಿದಾಗೆಲ್ಲ ಗಹಗಹಿಸಿ ನಗಬೇಕು, ಸೆಕೆಂಡ್ ಹಾಫ್‌ನಲ್ಲಿ ಆಸ್ಪತ್ರೆಯ ನೆಲಕ್ಕೆ ಬಿದ್ದು ಅಳಬೇಕು. ಅವನ ಕೈಗೂ ಒಂದು ಬಾಟಲಿ ಕೊಟ್ಟಿರುತ್ತಾರೆ. ಸಿನಿಮಾದಲ್ಲಿ ಕ್ರೈಸ್ತನೂ ನಾಸ್ತಿಕನೂ ಹಂಚಿಕೊಂಡು ಬಾಳುವ ವಸ್ತು ಅದೊಂದೇ.

ಈ ನಗು, ಅಳು ಎಲ್ಲ ಸೌಂಡಮ್ಮನ ಹತ್ತಿರ ಜೋಡಿಸಿಟ್ಟಿರುತ್ತದೆ. ಸೌಂಡಮ್ಮ ಎಂದರೆ ಐವತ್ತು ದಾಟಿದ ಹೆಂಗಸು, ಗಾಜಿನಾಚೆ ಗುಂಡಿಗಳ ಮುಂದೆ ಕೂತು ರೆಕಾರ್ಡ್ ಮಾಡುವವಳು. ಅವಳ ಕಂಪ್ಯೂಟರಿನಲ್ಲಿ ‘ನಾಸ್ತಿಕ ನಗು, ಸಣ್ಣದು’, ‘ನಾಸ್ತಿಕ ನಗು, ಪ್ರತಿಧ್ವನಿ ಸಹಿತ’, ‘ನಾಸ್ತಿಕ ಅಳು, ಆಸ್ಪತ್ರೆ’, ‘ಪಾದ್ರಿ ನಿಟ್ಟುಸಿರು’ ಎಂದು ಹೆಸರು ಬರೆದ ಕಡತಗಳಿವೆ. ಯಾವಾಗಲಾದರೂ ನಾಸ್ತಿಕಣ್ಣನಿಗೆ ಗಂಟಲು ಕಟ್ಟಿದರೆ ಅವಳು ಹಳೆಯದೊಂದು ಅಳುವನ್ನು ತೆಗೆದು ಅಂಟಿಸಿಬಿಡುತ್ತಾಳೆ. ಇದುವರೆಗೆ ಯಾವ ಪ್ರೇಕ್ಷಕನೂ ಪತ್ತೆ ಹಚ್ಚಿಲ್ಲ.

ಹೊರಗೆ ಮಾತ್ರ ಇಬ್ಬರಿಗೂ ಇದರ ಕಾಟ ತಪ್ಪಿದ್ದಲ್ಲ. ನಾಸ್ತಿಕಣ್ಣನ ಕ್ಷೌರದವನು ಪ್ರತಿ ತಿಂಗಳೂ ಹೆಬ್ಬೆರಳನ್ನು ಬಾಯಿಗೆ ಎತ್ತಿ, “ಭಾನುವಾರ ಜೋರಾ ಸಾರ್?” ಅನ್ನುತ್ತಾನೆ. ನಾಸ್ತಿಕಣ್ಣನ ನಾಲಿಗೆ ಕಂಡಿರುವ ಅತಿ ಖಡಕ್ ಪಾನೀಯ ಚಹಾ. ಫಾದರನಿಗೆ ಬೇರೆ ಥರದ ಪೀಕಲಾಟ. ದೇವರನ್ನು ನಂಬುವುದಿಲ್ಲ ಎಂದು ಗೊತ್ತಾದ ಕೂಡಲೇ ಜನ ಕರುಣೆಯಿಂದ ಹತ್ತಿರ ಸರಿದು, “ಚಿಕ್ಕಂದಿನಲ್ಲಿ ನಿಮಗೇನೋ ದೊಡ್ಡ ನೋವಾಗಿರಬೇಕು, ಅಲ್ವಾ?” ಎಂದು ಕೇಳುತ್ತಾರೆ. “ಹಾಗೇನಿಲ್ಲ, ಮನೆ ಪಕ್ಕದಲ್ಲೇ ಲೈಬ್ರರಿ ಇತ್ತು, ಅಷ್ಟೇ,” ಎಂದು ಅವನು ಹೇಳಿದರೆ ಅವರಿಗೆ ಸಮಾಧಾನವಾಗುವುದಿಲ್ಲ. ಕಥೆಯಲ್ಲಿ ಒಂದು ಹೆಣ ಬೀಳಲೇಬೇಕು.

ಇಬ್ಬರೂ ಇದನ್ನೆಲ್ಲ ಹೇಳಿಕೊಂಡು ನಕ್ಕು ನಕ್ಕು ಸುಸ್ತಾಗಿದ್ದರು. ಸಿನಿಮಾದವರು ಕಟ್ಟಿದ ಗೊಂಬೆಗಳು ಬೇರೆ, ತಾವು ಬೇರೆ ಎಂಬುದರಲ್ಲಿ ನಾಸ್ತಿಕಣ್ಣನಿಗೆ ಯಾವ ಅನುಮಾನವೂ ಇರಲಿಲ್ಲ. ಆ ಸೋಮವಾರದವರೆಗೆ ಇರಲಿಲ್ಲ ಅನ್ನೋಣ.

ಸೋಮವಾರ ಹೊಸ ಸಿನಿಮಾದ ಆಸ್ಪತ್ರೆಯ ದೃಶ್ಯ. ಸಾಮಾನ್ಯವಾಗಿ ಒಬ್ಬೊಬ್ಬರನ್ನೇ ಕರೆದು ರೆಕಾರ್ಡ್ ಮಾಡುತ್ತಾರೆ. ಈ ನಿರ್ದೇಶಕನಿಗೆ ಮಾತ್ರ ಇಬ್ಬರೂ ಒಂದೇ ಮೈಕಿನ ಮುಂದೆ ಬೇಕಿತ್ತು. ತೆರೆಯ ಮೇಲೆ ಗಡ್ಡದ ಡಾಕ್ಟರ್ ಒಬ್ಬ ಮಗನ ಕೋಣೆಯ ಹೊರಗೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಪಾದ್ರಿ ಬಂದು ಹೆಗಲ ಮೇಲೆ ಕೈಯಿಟ್ಟು, ‘ಈಗಲಾದರೂ ಮೊಣಕಾಲೂರು, ಮಗನೇ’ ಅನ್ನಬೇಕು. ಡಾಕ್ಟರ್ ಕುಸಿದು, ‘ದೇವರೇ, ಸೋತೆ!’ ಎಂದು ಗೋಳಿಡಬೇಕು.

ಮೊದಲ ಟೇಕ್‌ಗೆ ಮುಂಚೆ ಹತ್ತು ನಿಮಿಷ ಬಿಡುವು. ಇಬ್ಬರೂ ಮೆಟ್ಟಿಲ ಹತ್ತಿರ ಚಹಾದ ಲೋಟ ಹಿಡಿದು ನಿಂತಿದ್ದಾಗ ಫಾದರ್ ಬಸ್ಸಿನ ಸಮಯ ಹೇಳುವಷ್ಟು ಸಲೀಸಾಗಿ ಹೇಳಿದ.

“ಗುರುವಾರ ನಾನು ಬರಲ್ಲ ಕಣೋ. ಟೀಚರಿಗೆ ಆಪರೇಷನ್.”

ಟೀಚರ್ ಎಂದರೆ ಅವನ ಹೆಂಡತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ನಾಸ್ತಿಕಣ್ಣನ ಮಗಳನ್ನು ಫೇಲಾಗದಂತೆ ಎರಡು ವರ್ಷ ಎಳೆದು ದಡ ಸೇರಿಸಿದವರು. ನಾಸ್ತಿಕಣ್ಣನನ್ನು ಬಾಯ್ತುಂಬ ‘ಅಣ್ಣ’ ಎಂದು ಕರೆಯುವವರು.

“ಏನಾಯ್ತು?”

“ಹೊಟ್ಟೇಲಿ ಗಡ್ಡೆ. ತೆಗೆದು ನೋಡೋವರೆಗೂ ಎಂಥದ್ದು ಅಂತ ಹೇಳಕ್ಕಾಗಲ್ಲ ಅಂದ್ರು.”

ನಾಸ್ತಿಕಣ್ಣ ಲೋಟ ಕೆಳಗಿಟ್ಟ. ಏನಾದರೂ ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಸೌಂಡಮ್ಮ ಕರೆದಳು. ಫಾದರ್ ಲೋಟ ತೊಳೆದಿಟ್ಟು, ಮೈಕಿನ ಮುಂದೆ ನಿಂತು, ‘ಈಗಲಾದರೂ ಮೊಣಕಾಲೂರು, ಮಗನೇ’ ಎಂದು ಒಂದೇ ಟೇಕಿನಲ್ಲಿ ಮುಗಿಸಿದ. ಆ ಮಾತಿನಲ್ಲಿ ಎಷ್ಟು ಕರುಣೆಯಿತ್ತೆಂದರೆ ಗಾಜಿನಾಚೆ ನಿರ್ದೇಶಕ ಮೂಗು ಒರೆಸಿಕೊಂಡ. ನಾಸ್ತಿಕಣ್ಣ ಮಾತ್ರ ತೆರೆ ನೋಡುವುದನ್ನು ಬಿಟ್ಟು ಗೆಳೆಯನ ಮುಖವನ್ನೇ ನೋಡುತ್ತಿದ್ದ. ಅವನ ‘ದೇವರೇ, ಸೋತೆ’ ಒಂಬತ್ತು ಟೇಕ್ ತಿಂದಿತು. “ಇನ್ನೂ ಒಡೀಬೇಕು ಸಾರ್, ಒಳಗಿನಿಂದ ಒಡೀಬೇಕು,” ಎಂದು ನಿರ್ದೇಶಕ ಪ್ರಾಣ ತಿಂದ. ಕೊನೆಗೆ ಸೌಂಡಮ್ಮ ಹಳೆಯ ಅಳು ಅಂಟಿಸಿದಳು.

ಅಂದಿನಿಂದ ನಾಸ್ತಿಕಣ್ಣನ ತಲೆಯೊಳಗೆ ಒಂದು ಹುಳ ಹೊಕ್ಕಿತು. ಇವನು ಈಗ ಏನು ಮಾಡುತ್ತಾನೆ? ನಾನಾದರೆ ಪ್ರಾರ್ಥಿಸುತ್ತೇನೆ. ಪ್ರಾರ್ಥನೆ ಇಲ್ಲದವನು ಹೆಂಡತಿ ಒಳಗೆ ಮಲಗಿರುವಾಗ ಎರಡು ಕೈಗಳನ್ನು ಎಲ್ಲಿ ಇಟ್ಟುಕೊಳ್ಳುತ್ತಾನೆ? ಇಪ್ಪತ್ತೆರಡು ವರ್ಷ ನಾಸ್ತಿಕರ ಪರವಾಗಿ ಅತ್ತವನಿಗೆ ಈ ಪ್ರಶ್ನೆಗೆ ಉತ್ತರವೇ ಗೊತ್ತಿರಲಿಲ್ಲ. ಕೇಳಿಬಿಡಬಹುದಿತ್ತು. ಕೇಳಲಿಲ್ಲ, ಕದ್ದು ನೋಡಲು ಶುರುಮಾಡಿದ.

ಮಂಗಳವಾರ ಸ್ಟುಡಿಯೋದ ಓಣಿಯಲ್ಲಿ ಫಾದರ್ ಒಬ್ಬನೇ ನಿಂತು ತುಟಿ ಅಲ್ಲಾಡಿಸುತ್ತಿದ್ದ. ನಾಸ್ತಿಕಣ್ಣನ ಕಿವಿ ನೆಟ್ಟಗಾಯಿತು. ಬೆಕ್ಕಿನ ಹೆಜ್ಜೆಯಲ್ಲಿ ಹತ್ತಿರ ಹೋಗಿ ಕೇಳಿದರೆ ಅವನು ಮಾತ್ರೆಗಳ ಹೆಸರನ್ನು ಬಾಯಿಪಾಠ ಮಾಡುತ್ತಿದ್ದ. ಬುಧವಾರ ಮಧ್ಯಾಹ್ನ ಫಾದರ್ ಚರ್ಚಿನ ಬೀದಿಗೆ ತಿರುಗಿದ್ದು ಕಂಡಿತು. ಊಟ ಬಿಟ್ಟು ಹಿಂದೆಯೇ ಹೋದ. ಫಾದರ್ ಚರ್ಚಿನ ಗೇಟು ದಾಟಿ ಮುಂದಿನ ಜೆರಾಕ್ಸ್ ಅಂಗಡಿಗೆ ಹೊಕ್ಕು, ಆಸ್ಪತ್ರೆಯ ಕಾಗದಗಳನ್ನು ಎರಡೆರಡು ಪ್ರತಿ ತೆಗೆಸಿಕೊಂಡು ಬಂದ. ಕಂಬದ ಮರೆಯಲ್ಲಿ ನಿಂತಿದ್ದ ನಾಸ್ತಿಕಣ್ಣನಿಗೆ ನಿರಾಸೆಯಾಯಿತು. ಈ ನಿರಾಸೆ ಯಾತಕ್ಕೆ ಎಂದು ಅವನು ತನ್ನನ್ನು ತಾನು ಕೇಳಿಕೊಳ್ಳಬೇಕಿತ್ತು, ನಿಜ. ನಮ್ಮ ತಪ್ಪಿನ ಹತ್ತಿರ ಬಂದಾಗ ನಾವೆಲ್ಲ ಎಷ್ಟು ಚೆನ್ನಾಗಿ ಬೇರೆ ಕಡೆ ನೋಡುತ್ತೇವೆ!

ಅಂದು ಸಂಜೆ ಚರ್ಚಿನಲ್ಲಿ ಹಾಡಿನ ಅಭ್ಯಾಸ. ನಾಸ್ತಿಕಣ್ಣ ಎಲ್ಲರೂ ಬರುವ ಮುಂಚೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೆ ಚರ್ಚಿನ ಬಾಗಿಲು ತೆರೆದುಕೊಂಡಿತು. ಫಾದರ್ ತಲೆ ತಗ್ಗಿಸಿ ಒಳಗೆ ಬಂದ, ಕೊನೆಯ ಬೆಂಚಿನ ಹತ್ತಿರ ತಡೆದು ನಿಂತ. ನಾಸ್ತಿಕಣ್ಣ ಮೇಲೆದ್ದು ಅವನ ಹೆಗಲ ಮೇಲೆ ಕೈಯಿಟ್ಟ. ‘ನೋಡಿದೆಯಾ, ನಾನು ಹೇಳಿದ್ದೆ’ ಅನ್ನಬಾರದು, ಏನೂ ಅನ್ನಬಾರದು, ಸುಮ್ಮನೆ ಪಕ್ಕಕ್ಕೆ ಸರಿದು ಜಾಗ ಕೊಡಬೇಕು ಎಂದು ತೀರ್ಮಾನಿಸಿದ. ತನ್ನ ಈ ದೊಡ್ಡತನಕ್ಕೆ ಅವನಿಗೇ ಅಳು ಬಂತು. ಹಾಡುವವರು ಬಂದಾಗ ಕಣ್ಣೊರೆಸಿಕೊಂಡು ಎದ್ದ.

ಮನೆಗೆ ಬಂದರೆ ಹೆಂಡತಿ ಒಂದು ಚೀಲಕ್ಕೆ ಟವೆಲ್, ಫ್ಲಾಸ್ಕು, ಹೊದಿಕೆ ತುಂಬುತ್ತಿದ್ದಳು.

“ಟೀಚರ್ ಜತೆ ಮಾತಾಡಿದೆ. ಇದನ್ನ ನಾಳೆ ಆಸ್ಪತ್ರೆಗೆ ತಗೊಂಡು ಹೋಗಿ. ಮೂರು ದಿನದಿಂದ ಫಾದರ್ ಹಿಂದೆಮುಂದೆ ಸುತ್ತುತಾ ಇದ್ದೀರಲ್ಲ, ಏನು ಬೇಕು ಅಂತ ಒಂದು ಮಾತು ಕೇಳಿದ್ರಾ?”

“ಅವನು ಏನೂ ಹೇಳಲ್ಲ ಕಣೇ.”

“ಕೇಳಿದ್ರಾ ಅಂತ ನಾನು ಕೇಳಿದ್ದು.”

ನಾಸ್ತಿಕಣ್ಣ ಚೀಲದ ಜಿಪ್ಪು ಎಳೆದ. ಅದೊಂದು ಕೆಲಸವೆಂಬಂತೆ ಎರಡು ಸಲ ಎಳೆದ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಟೀಚರನ್ನು ಒಳಗೆ ಕರೆದುಕೊಂಡು ಹೋದರು. ಸಿನಿಮಾದವರ ಹಾಗೆ ನಿಮ್ಮನ್ನು ಸೀಟಿನ ತುದಿಯಲ್ಲಿ ಕೂರಿಸುವುದು ಬೇಡ, ಈಗಲೇ ಹೇಳಿಬಿಡೋಣ: ಆಪರೇಷನ್ ಚೆನ್ನಾಗಿ ಆಯಿತು, ಗಡ್ಡೆ ಕೆಟ್ಟದ್ದಾಗಿರಲಿಲ್ಲ, ಟೀಚರ್ ಮುಂದಿನ ತಿಂಗಳು ಶಾಲೆಗೆ ಹೋಗಿ ಯಥಾಪ್ರಕಾರ ಮಕ್ಕಳ ಕಿವಿ ಹಿಂಡಿದರು. ಆದರೆ ಹೊರಗೆ ಕೂತಿದ್ದ ಇಬ್ಬರಿಗೆ ಇದು ಗೊತ್ತಿರಲಿಲ್ಲ.

ಕಾಯುವ ಕೋಣೆಯಲ್ಲಿ ಕಬ್ಬಿಣದ ಬೆಂಚುಗಳು, ಒಂದು ಗೋಡೆ ಗಡಿಯಾರ, ಬಾಗಿಲ ಮೇಲೊಂದು ಕೆಂಪು ದೀಪ. ನಾಸ್ತಿಕಣ್ಣ ಚೀಲವನ್ನು ಬೆಂಚಿನ ಮೇಲೆ ಇಬ್ಬರ ನಡುವೆ ಇಟ್ಟು ಕೂತ. ಕೂತವನು ನೋಡತೊಡಗಿದ. ಫಾದರ್ ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಬರೆದದ್ದನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಕೈ ತೊಳೆಯುವ ವಿಧಾನದ ಚಿತ್ರಗಳನ್ನು ಓದಿದ. ನರ್ಸ್ ಒಬ್ಬಳನ್ನು ತಡೆದು ಏನೋ ಕೇಳಿ, ಪೆನ್ನು ತೆಗೆದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡ. ಬೆರಳಿನ ಉಗುರು ಕಚ್ಚಿದ. ಅಳಲಿಲ್ಲ, ಗೋಡೆಗೆ ತಲೆ ಚಚ್ಚಲಿಲ್ಲ. ಒಂದು ಗಂಟೆಯಾಯಿತು. ಒಂದೂವರೆ ಗಂಟೆಯಾಯಿತು.

ಆಗ ಫಾದರ್ ಬೆಂಚಿನಿಂದ ಜಾರಿದ. ಎರಡೂ ಕೈ ಬೆಂಚಿನ ಅಂಚಿಗೆ ಊರಿ, ಮೆಲ್ಲಗೆ, ಮೊದಲು ಒಂದು ಮೊಣಕಾಲನ್ನು, ಆಮೇಲೆ ಇನ್ನೊಂದನ್ನು ನೆಲಕ್ಕೆ ಊರಿ ತಲೆ ಬಾಗಿಸಿದ.

ನಾಸ್ತಿಕಣ್ಣನ ಕಣ್ಣು ತುಂಬಿ ಬಂತು. ಕೈ ತಾನಾಗಿಯೇ ಗೆಳೆಯನ ಹೆಗಲ ಕಡೆ ಹೋಯಿತು.

“ಪೆನ್ನಿನ ಮುಚ್ಚಳ ಬಿತ್ತು ಕಣೋ,” ಎಂದ ಫಾದರ್ ಬೆಂಚಿನಡಿಯಿಂದ. “ನಿನ್ನ ಕಾಲ ಹತ್ರ ಇದೆಯಾ ನೋಡು.”

ಮುಚ್ಚಳ ಹಿಡಿದು ಮೇಲೆದ್ದವನು ನಾಸ್ತಿಕಣ್ಣನ ಮುಖ ನೋಡಿದ. ಒದ್ದೆ ಕಣ್ಣು, ಗಾಳಿಯಲ್ಲಿ ನಿಂತುಬಿಟ್ಟ ಕೈ. ಫಾದರ್ ದಡ್ಡನಲ್ಲ. ಮೂರು ದಿನದ ಲೆಕ್ಕವೆಲ್ಲ ಅವನಿಗೆ ಒಟ್ಟಿಗೇ ತಾಳೆಯಾದ ಹಾಗೆ ಕಂಡಿತು. ಮುಚ್ಚಳವನ್ನು ಪೆನ್ನಿಗೆ ಸಿಕ್ಕಿಸಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಕೂತ.

“ಓಣೀಲಿ ನನ್ನ ಹಿಂದೆ ಬಂದು ನಿಂತಿದ್ದು. ನಿನ್ನೆ ಆ ಕಂಬದ ಹಿಂದೆ. ಎಲ್ಲಾ ಇದಕ್ಕೇನಾ?”

ನಾಸ್ತಿಕಣ್ಣ ಕೈಯನ್ನು ಹಿಂದಕ್ಕೆಳೆದುಕೊಂಡ.

“ನೀನು ಸೆಕೆಂಡ್ ಹಾಫ್‌ಗೆ ಕಾಯ್ತಾ ಇದ್ದೀಯ,” ಎಂದ ಫಾದರ್. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಯಾರೋ ಹೊರಗಿನವರು ನೋಡಿದ್ರೆ ನಾನು ತಲೆ ಕೆಡಿಸ್ಕೊಳ್ಳಲ್ಲ. ನೀನು ನನ್ನ ಜತೆ ಕೂರಕ್ಕೆ ಬಂದಿದ್ದೀಯ ಅಂದ್ಕೊಂಡಿದ್ದೆ. ನೀನು ನೋಡಕ್ಕೆ ಬಂದಿದ್ದೀಯ.”

ಅವಮಾನ ಅಂದರೆ ಏನೆಂದು ನಾಸ್ತಿಕಣ್ಣನಿಗೆ ಆಗ ತಿಳಿಯಿತು. ಇಪ್ಪತ್ತೆರಡು ವರ್ಷದ ಗೆಳೆತನ ಈ ಕಬ್ಬಿಣದ ಬೆಂಚಿನ ಮೇಲೆ ಕೈಜಾರಿ ಹೋಗುತ್ತಿದೆ ಎಂದು ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಹೌದು ಕಣೋ,” ಎಂದ. “ನೋಡ್ತಾ ಇದ್ದೆ. ನೀನು ಏನು ಮಾಡ್ತೀಯ ಅಂತ ತಿಳ್ಕೊಳ್ಳೋ ಆಸೆ ಮೊದಲು. ಆಮೇಲೆ… ನೀನು ಬಾಗ್ತೀಯ ಅನ್ನೋ ಆಸೆ. ಇಷ್ಟು ವರ್ಷ ನಾನೇ ಅತ್ತು ಅತ್ತು, ಅದೇ ನಿಜ ಅಂತ ನನಗೇ ಗೊತ್ತಿಲ್ಲದ ಹಾಗೆ ನಂಬ್ಕೊಂಡುಬಿಟ್ಟಿದ್ದೆ ಅನ್ಸುತ್ತೆ.”

ಫಾದರ್ ಪೆನ್ನನ್ನು ಜೇಬಿನಿಂದ ತೆಗೆದು ಮತ್ತೆ ಸಿಕ್ಕಿಸಿದ. ಗಡಿಯಾರದ ಕೆಳಗೆ ಯಾರೋ ಮುದುಕಿ ಕೆಮ್ಮಿದಳು.

“ನಾನೂ ನೋಡಿದ್ದೆ,” ಎಂದ ಕೊನೆಗೆ. “ನಿಮ್ಮಮ್ಮ ಹೋದಾಗ. ಕ್ರೈಸ್ತರು ಸಾವನ್ನ ಹೇಗೆ ತಗೋತಾರೆ ಅಂತ ಕುತೂಹಲ ನನಗೆ. ನನ್ನ ಡೈಲಾಗೆಲ್ಲ ಅದೇ ತಾನೇ, ‘ಅವಳು ಪ್ರಭುವಿನ ತೋಳಲ್ಲಿದ್ದಾಳೆ, ಮಗುವೇ.’ ಹಾಗೇ ಶಾಂತವಾಗಿ ಕೂತಿರ್ತೀಯ ಅಂದ್ಕೊಂಡು ಬಂದ್ರೆ, ನೀನು ಮೆಟ್ಟಿಲ ಮೇಲೆ ನಿಂತು ಬಾಡಿಗೆ ಕುರ್ಚಿ ತಂದವನ ಜತೆ ಜಗಳ ಆಡ್ತಾ ಇದ್ದೆ. ಒಂದು ಕುರ್ಚಿ ಕಾಲು ಮುರಿದಿದೆ, ನಮ್ಮಮ್ಮನ ಮನೇಗೆ ಮುರುಕು ಕುರ್ಚಿ ತರ್ತೀಯಾ ಅಂತ. ಅರ್ಧ ಗಂಟೆ.”

“ನೀನು ಅದನ್ನ ನನಗೆ ಹೇಳಲೇ ಇಲ್ಲ.”

“ಹೇಳೋ ಅಂಥದ್ದಲ್ಲ ಅದು. ನನಗೆ ನಾಚಿಕೆ ಆಯ್ತು, ಹೋಗಿ ಇನ್ನೊಂದು ಕುರ್ಚಿ ತಂದೆ.”

ನಾಸ್ತಿಕಣ್ಣನಿಗೆ ಆ ಇನ್ನೊಂದು ಕುರ್ಚಿ ನೆನಪಿರಲಿಲ್ಲ. ತಂದವನು ಯಾರೆಂಬುದೂ ಇಷ್ಟು ದಿನ ಗೊತ್ತಿರಲಿಲ್ಲ. ಅವನು ಮೂಗು ಸೀಟಿಕೊಂಡು ಕೆಂಪು ದೀಪದ ಕಡೆ ನೋಡಿದ. ಫಾದರ್ ಅವನ ಭುಜಕ್ಕೆ ಭುಜದಿಂದ ಸಣ್ಣಗೆ ಗುದ್ದಿದ. ಸದ್ಯ, ಗೆಳೆತನ ಪೂರ್ತಿ ಕೈಜಾರಿಲ್ಲ ಎಂದುಕೊಂಡು ನಾಸ್ತಿಕಣ್ಣ ಉಸಿರುಬಿಟ್ಟ.

“ಅಂದ ಹಾಗೆ,” ಎಂದ ಫಾದರ್, “ಒಳಗೆ ಹೋಗೋ ಮುಂಚೆ ಟೀಚರ್ ನಿನಗೊಂದು ಮಾತು ಹೇಳು ಅಂದಿದ್ಲು. ಈ ಗಲಾಟೇಲಿ ಮರೆತಿದ್ದೆ.”

“ಏನಂತೆ?”

“‘ಅಣ್ಣ ಸೋಮವಾರದಿಂದ ನನಗೋಸ್ಕರ ಪ್ರಾರ್ಥನೆ ಮಾಡ್ತಾ ಇರ್ತಾರೆ, ನನ್ನ ಪರವಾಗಿ ಥ್ಯಾಂಕ್ಸ್ ಹೇಳಿಬಿಡು’ ಅಂತ.” ಫಾದರ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ಕೇಳಿಸ್ಕೊಳ್ಳೋರು ಯಾರೂ ಇಲ್ಲ ಅನ್ನೋನು ನಾನು, ನಿನಗೆ ಗೊತ್ತು. ಆದ್ರೂ ನಿಜ ಹೇಳ್ತೀನಿ. ನಿನ್ನೆ ನಿದ್ದೆ ಬರಲಿಲ್ಲ. ಆಗ, ಅವನಂತೂ ಎಲ್ಲೋ ಕಣ್ಮುಚ್ಚಿ ಕೂತು ನಮ್ಮವಳನ್ನ ನೆನೀತಾ ಇರ್ತಾನಲ್ಲ, ನಾನೊಬ್ಬನೇ ಅಲ್ವಲ್ಲ ಅನ್ನಿಸ್ತು. ಸ್ವಲ್ಪ ಧೈರ್ಯ ಬಂತು.”

ನಾಸ್ತಿಕಣ್ಣ ನೆನಪಿನಲ್ಲಿ ಸೋಮವಾರವನ್ನು ಹುಡುಕಿದ. ಅಂದು ಮಲಗುವಾಗ ಅವನು ಗೆಳೆಯನ ಮುಖವನ್ನೇ ಯೋಚಿಸುತ್ತಿದ್ದ. ಮಂಗಳವಾರ ಓಣಿ. ಬುಧವಾರ ಕಂಬ. ಬುಧವಾರ ಸಂಜೆ ಮುಂದಿನ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿದ್ದು ನಿಜ, ಕಣ್ಣೀರು ಬಂದದ್ದೂ ನಿಜ. ಅಲ್ಲಿ ಫಾದರ್ ಇದ್ದ, ತಾನಿದ್ದ, ತನ್ನ ದೊಡ್ಡತನವಿತ್ತು. ಟೀಚರ್ ಎಲ್ಲಿದ್ದರು? ಇವತ್ತು ಬೆಳಿಗ್ಗೆಯಿಂದ ಈ ಬೆಂಚಿನ ಮೇಲೆ ಒಂದೂವರೆ ಗಂಟೆ. ನೆನಪಿನ ಮೂಲೆಮೂಲೆಯನ್ನೂ ಜಾಲಾಡಿದ. ಒಂದು ಸಾಲೂ ಸಿಗಲಿಲ್ಲ.

“ಮಾಡಿಲ್ಲ ಕಣೋ,” ಎಂದ.

“ಏನು?”

“ಪ್ರಾರ್ಥನೆ. ಒಂದು ಸಲವೂ ಮಾಡಿಲ್ಲ. ನೀನು ಯಾವಾಗ ಮಾಡ್ತೀಯ ಅಂತ ಕಾಯ್ತಾ ಕಾಯ್ತಾ, ನಾನು ಮಾಡೋದನ್ನೇ ಮರೆತುಬಿಟ್ಟೆ.”

ಹೇಳಿ ಅವನು ಅತ್ತುಬಿಟ್ಟ. ಯಾವ ಸಿನಿಮಾಕ್ಕೂ ಬೇಡವಾದ ಅಳು, ಮುಖ ಸೊಟ್ಟಗೆ, ಸದ್ದಿಲ್ಲದೆ. ಸೌಂಡಮ್ಮ ಇದ್ದಿದ್ದರೆ ಇದನ್ನು ಕತ್ತರಿಸಿ ಎಸೆಯುತ್ತಿದ್ದಳು.

ಫಾದರ್ ಅವನನ್ನು ನೋಡಿದ, ಗಡಿಯಾರ ನೋಡಿದ, ಬಾಗಿಲ ಮೇಲಿನ ಕೆಂಪು ದೀಪ ನೋಡಿದ. ನಡುವೆ ಇದ್ದ ಚೀಲವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಹತ್ತಿರ ಸರಿದ.

“ಆಪರೇಷನ್ ಇನ್ನೂ ಮುಗಿದಿಲ್ಲ,” ಎಂದ. “ಟೈಮಿದೆ. ನೀನು ಶುರುಮಾಡು, ಡಾಕ್ಟರ್ ಬಂದ್ರೆ ನಾನು ಕರೀತೀನಿ.”